ಒಂದು ಗಂಟೆಯ ಗಿರಾಕಿ

ಚುಂಯ್ ಎನ್ನುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಾದ ದೊಡ್ಡ ಕಾವಲಿಯ ಮೇಲೆ ಒಂದು ಚೊಂಬು ನೀರೆರಚಿದಾಗ ಆವಿಯ ಜೊತೆಗೇ ಏಳುವ ಚುಂಯ್, ಅದರ ಬೆನ್ನಿಗೆ ಕಡ್ಡಿಪೊರಕೆಯ ಸರ್ ಸರ್, ಆಮೇಲೆ ಹಿಟ್ಟಿನ ಸೌಟು ಗುಂಡಗೆ ತಿರುಗುವಾಗ ಒಂದು ಗಳಿಗೆಯ ಮೌನ. ಮದುವೆಯಾಗಿ ಬೆಂಗಳೂರಿನಿಂದ ಬರೋಡಾ ಹತ್ತಿರದ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿಗೆ ಬಂದ ಹೊಸದರಲ್ಲಿ ಈ ಸದ್ದು ಕೇಳಲೆಂದೇ ನಾನು ಭಾನುವಾರಕ್ಕೆ ಕಾಯುತ್ತಿದ್ದೆ. ನಮ್ಮವರು ಸ್ಕೂಟರನ್ನು ಎಡಕ್ಕೆ ವಾಲಿಸಿ ಸ್ಟಾರ್ಟ್ ಮಾಡುವರು, ನಾನು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಕೂರುವೆನು, ರಿಫೈನರಿಯ ಚಿಮಣಿಯ ಬೆಂಕಿ ನಮ್ಮ ಬೆನ್ನಿಗೆ ಟಾಟಾ ಮಾಡುವುದು. ನಾವು ಬರೋಡಾ ಸ್ಟೇಷನ್ನಿನ ಹತ್ತಿರದ ಐತಾಳರ ಹೋಟೆಲಿಗೆ ಹೋಗಿ ದೋಸೆ ತಿನ್ನುವೆವು. ತಿನ್ನುವುದು ನೆಪ. ಊರು ಬಿಟ್ಟು ಬಂದ ಹುಡುಗಿಗೆ ಆ ಚುಂಯ್ ಸದ್ದೇ ತವರಿನ ಫೋನ್ ಕಾಲ್.

ಗಲ್ಲಾದಲ್ಲಿ ವಾಸುದೇವ ಐತಾಳರು ಕೂತಿರುತ್ತಿದ್ದರು. ಬಿಳಿ ಅರ್ಧ ತೋಳಿನ ಷರಟು, ಹಣೆಯಲ್ಲೊಂದು ಗಂಧದ ಬೊಟ್ಟು, ಇಡೀ ಹೋಟೆಲನ್ನು ಒಂದೇ ನೋಟದಲ್ಲಿ ಗುಡಿಸಿಬಿಡುವಂಥ ಕಣ್ಣು. ಅವರು ಕುಂದಾಪುರದ ಕಡೆಯವರು, ನಾನು ಬೆಂಗಳೂರಿನವಳು, ಇಬ್ಬರ ಮನೆಮಾತೂ ಕನ್ನಡ, ಇಬ್ಬರಿಗೂ ಅದು ಗೊತ್ತಿತ್ತು. ಆದರೂ ಮೊದಲ ದಿನ ನಾನು ಅಭ್ಯಾಸಬಲದಿಂದ, "ಟು ಮಸಾಲಾ, ಒನ್ ಕಾಫಿ, ಲೆಸ್ ಶುಗರ್, ಪ್ಲೀಸ್" ಎಂದುಬಿಟ್ಟೆ. ಅವರು ಅಷ್ಟೇ ಗಂಭೀರವಾಗಿ, "ಸರ್ಟನ್ಲಿ, ಮೇಡಂ" ಎಂದರು. ಮುಗಿಯಿತು. ಗಂಡಸರು ಹೆಂಗಸರು ಒಂದು ಸಂಬಂಧವನ್ನು ಯಾವ ಭಾಷೆಯಲ್ಲಿ ಶುರುಮಾಡುತ್ತಾರೋ ಅದರಲ್ಲೇ ಮುಂದುವರಿಸಬೇಕು, ನಡುವೆ ಬದಲಾಯಿಸಿದರೆ ಏನೋ ಸಲಿಗೆ ಕೇಳಿದಂತಾಗುತ್ತದೆ. ಹೀಗಾಗಿ ನಲವತ್ತು ವರ್ಷ ನಾವಿಬ್ಬರು ಕನ್ನಡಿಗರು ಗುಜರಾತಿನ ನಟ್ಟನಡುವೆ ದೋಸೆಯ ಮೇಲೆ ಇಂಗ್ಲಿಷ್ ಮಾತಾಡಿಕೊಂಡೇ ಮುದುಕರಾದೆವು.

ಮುದುಕರಾಗುವ ವಿಷಯದಲ್ಲಿ ನಾನು ಅಥಾರಿಟಿ ಎಂದು ನಮ್ಮ ಸೊಸೈಟಿಯಲ್ಲಿ ಒಂದು ನಂಬಿಕೆಯಿದೆ. ರಿಟೈರ್ ಆದಮೇಲೆ ನಾವು ಬರೋಡಾದ ಈ ಸೊಸೈಟಿಗೆ ಬಂದೆವು. ಇಲ್ಲೊಂದು ಸೀನಿಯರ್ ಸಿಟಿಜನ್ ಮಂಡಳವಿದೆ. ಪ್ರತಿ ಗುರುವಾರ ಸಂಜೆ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಒಮ್ಮೆ ನೋಟಿಸ್ ಬೋರ್ಡಿನಲ್ಲಿದ್ದ ಇಂಗ್ಲಿಷನ್ನು ನಾನು ಸುಮ್ಮನಿರಲಾರದೆ ತಿದ್ದಿದೆ. ಮಂಡಳದ ಪ್ರಮುಖರು, "ವತ್ಸಲಾಬೆನ್ ತೋ ಕಾನ್ವೆಂಟ್‌ನಾ ಛೇ!" ಇವರು ಕಾನ್ವೆಂಟಿನವರು, ಎಂದು ಉದ್ಗರಿಸಿ ನನ್ನನ್ನು ಕರೆಂಟ್ ಅಫೇರ್ಸ್ ಇನ್‌ಚಾರ್ಜ್ ಮಾಡಿಬಿಟ್ಟರು. ಅಂದಿನಿಂದ ಜಗತ್ತಿನಲ್ಲಿ ಎಲ್ಲಿ ಯುದ್ಧವಾದರೂ ಗುರುವಾರ ನಾನು ಉತ್ತರ ಕೊಡಬೇಕು. ಕೃತಕ ಬುದ್ಧಿಮತ್ತೆಯ ಬಗ್ಗೆ ನಾನು ಬೆವರು ಸುರಿಸಿ ಅರ್ಧ ಗಂಟೆ ಮಾತಾಡಿದ ದಿನ, ಹಿಂದಿನ ಸಾಲಿನ ಶಾರದಾಬೆನ್ ಎದ್ದು, "ಅದೆಲ್ಲ ಸರಿ, ಮೊಣಕಾಲಿಗೆ ಏನಾದರೂ ಮಾಡುತ್ತದೋ?" ಎಂದು ಕೇಳಿದರು. ಅಲ್ಲಿದ್ದವರೆಲ್ಲ ಮುಂದಕ್ಕೆ ಬಾಗಿದರು. ಆ ಸಂಜೆ ಅದೊಂದೇ ನಿಜವಾದ ಕರೆಂಟ್ ಅಫೇರ್.

ಕೊನೆಯ ಐದು ನಿಮಿಷ 'ಏಜಿಂಗ್ ಗ್ರೇಸ್‌ಫುಲಿ' ಎಂಬ ಉಪದೇಶ. ಇದಕ್ಕೆ ಬೇಕಾದ ಸರಕನ್ನೆಲ್ಲ ಅಹಮದಾಬಾದಿನಲ್ಲಿರುವ ಮಗಳು ಅನುಪಮಾ ಫೋನಿಗೆ ಕಳಿಸುತ್ತಾಳೆ. ಹೊಟ್ಟೆಯ ಕಾಲು ಭಾಗ ಖಾಲಿ ಬಿಡಿ, ಅನ್ನವನ್ನು ಶತ್ರುವಿನಂತೆ ನೋಡಿ, ಬೇಳೆಯನ್ನು ಮಿತ್ರನಂತೆ ನೋಡಿ, ಊಟವಾದ ಮೇಲೆ ನಡೆಯಿರಿ. ನನ್ನ ಮಣಿಕಟ್ಟಿಗೂ ಒಂದು ವಾಚ್ ಕಟ್ಟಿಸಿದ್ದಾಳೆ. ಸ್ವಲ್ಪ ಹೊತ್ತು ನೆಮ್ಮದಿಯಾಗಿ ಕೂತರೆ ಅದು ಜುಂಯ್ ಎಂದು ಚಿವುಟಿ, ಏಳು ಎನ್ನುತ್ತದೆ. ನನ್ನ ಅತ್ತೆ ಕೂಡ ನನ್ನನ್ನು ಇಷ್ಟು ಕಾಡಿರಲಿಲ್ಲ. ಶುಗರ್ ಗಡಿಯಲ್ಲಿ ನಿಂತಿದೆ, ದಾಟಲು ಬಿಡಬೇಡ ಎಂದು ಡಾಕ್ಟರು ಹೇಳಿದಂದಿನಿಂದ ನಮ್ಮ ಅಡುಗೆಮನೆಯಲ್ಲಿ ಸಪ್ಪೆರಾಜ್ಯ. ನಮ್ಮವರು ಒಣ ಖಾಖರಾ ರೊಟ್ಟಿಯನ್ನು ಕಟಂ ಎಂದು ಮುರಿಯುತ್ತ, "ಭಾಷಣ ಮಾಡೋಳು ನೀನು, ಗ್ರೇಸ್‌ಫುಲ್ ಆಗ್ತಾ ಇರೋನು ನಾನು" ಎಂದು ಗೊಣಗುತ್ತಾರೆ.

ಇಂಥ ಕಟ್ಟುನಿಟ್ಟಿನ ಕಾಲದಲ್ಲೇ ಐತಾಳರು ನಮ್ಮ ಎದುರಿನ ಬ್ಲಾಕಿಗೆ ಬಂದರು. ಹೋಟೆಲು ಮುಚ್ಚಿ ಕೆಲವು ವರ್ಷಗಳಾಗಿದ್ದವು. ಮಗ ಪ್ರಕಾಶನಿಗೆ ಹೋಟೆಲಿನ ಮೇಲೆ ಮನಸ್ಸಿರಲಿಲ್ಲ. ಸೂರತ್ತಿನ ಪಾಂಡೇಸರಾದ ಮಿಲ್ಲುಗಳಿಗೆ ಬಟ್ಟೆಯ ಬಣ್ಣ ಒದಗಿಸುವ ವ್ಯವಹಾರ ಅವನದು. ಸೋಮವಾರ ರೈಲು ಹತ್ತಿದರೆ ಶನಿವಾರ ಬರುತ್ತಾನೆ. ಸೊಸೆ ಹೇತಲ್ ಗುಜರಾತಿ ಹುಡುಗಿ, ಮನೆಯಲ್ಲೇ ಸಂಜೆ ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಾಳೆ. ಮೊಮ್ಮಗಳು ಧ್ವನಿ ಐದನೇ ಕ್ಲಾಸು. ಹೆಂಡತಿ ತೀರಿಕೊಂಡ ಮೇಲೆ ಐತಾಳರ ನೆನಪು ಒಂದೊಂದಾಗಿ ಜಾರತೊಡಗಿತ್ತು. ಮೊದಲು ಹೆಸರುಗಳು ಹೋದವಂತೆ. ಆಮೇಲೆ ಭಾಷೆಗಳು. ಹಳೆಯ ಕಟ್ಟಡದಿಂದ ಬಾಡಿಗೆದಾರರು ಖಾಲಿಮಾಡಿ ಹೋಗುವ ಹಾಗೆ ಇಂಗ್ಲಿಷ್ ಹೋಯಿತು, ಹಿಂದಿ ಹೋಯಿತು, ಕೊನೆಗೆ ಐವತ್ತು ವರ್ಷ ವ್ಯಾಪಾರ ನಡೆಸಿದ ಗುಜರಾತಿಯೂ ಗಂಟುಮೂಟೆ ಕಟ್ಟಿತು. ಒಳಗೆ ಉಳಿದದ್ದು ಮನೆಯ ಯಜಮಾನ, ಕನ್ನಡ, ಒಬ್ಬನೇ. ಆ ಮನೆಯಲ್ಲಿ ಕನ್ನಡ ಯಾರಿಗೂ ಬಾರದು. ಪ್ರಕಾಶನಿಗೆ ತಾಯಿ ಕನ್ನಡದಲ್ಲಿ ಬೈಯುತ್ತಿದ್ದರು, ಅವನು ಗುಜರಾತಿಯಲ್ಲಿ ಎದುರುತ್ತರ ಕೊಡುತ್ತಿದ್ದ. ಹಾಗಾಗಿ ಅವನಿಗೆ ಬೈಗುಳಗಳು ಮಾತ್ರ ಅರ್ಥವಾಗುತ್ತವೆ.

ಒಂದು ಬೆಳಿಗ್ಗೆ ಹೇತಲ್ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. "ವತ್ಸಲಾಬೆನ್, ಪಪ್ಪಾ ಏನೋ ಹೇಳ್ತಾರೆ, ನಮಗೆ ಒಂದಕ್ಷರ ತಿಳಿಯಲ್ಲ. ನೀವು ಬಂದು ಕೇಳ್ತೀರಾ?" ಎಂದು ಗುಜರಾತಿಯಲ್ಲಿ ಕೇಳಿದಳು. ನಾನು ಕನ್ನಡದ ದುಭಾಷಿ! ನಮ್ಮ ಕಾನ್ವೆಂಟಿನ ಸಿಸ್ಟರ್ ಬದುಕಿದ್ದರೆ ನಕ್ಕು ನಕ್ಕು ಬೀಳುತ್ತಿದ್ದರು. ಆ ಕಾಂಪೌಂಡಿನೊಳಗೆ ಕನ್ನಡದಲ್ಲಿ ಸೀನಿದರೂ ತಪ್ಪು. ನನ್ನ ಕನ್ನಡವೆಲ್ಲ ಅಡುಗೆಮನೆಯಲ್ಲಿ ಅಜ್ಜಿಯ ಹತ್ತಿರ, ಉಳಿದ ಹಪ್ಪಳದ ಹಿಟ್ಟಿನಂತೆ ಕದ್ದು ತಿಂದದ್ದು. ಆದರೂ ಸೀರೆ ಬದಲಾಯಿಸಿಕೊಂಡು, ವಿಶ್ವಸಂಸ್ಥೆಗೆ ಹೊರಟವಳ ಗತ್ತಿನಲ್ಲಿ ಹೋದೆ.

ಐತಾಳರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಷರಟು ಅದೇ ಬಿಳಿ, ಒಳಗಿನ ಮನುಷ್ಯ ಮಾತ್ರ ಅರ್ಧವಾಗಿದ್ದರು. ನಾನು ಮೊದಲ ಬಾರಿಗೆ ಅವರ ಹತ್ತಿರ ಕನ್ನಡದಲ್ಲಿ, "ನಮಸ್ಕಾರ, ಹೇಗಿದೀರಿ?" ಎಂದೆ. ಅವರ ಮುಖ ಬೆಳಗಿತು. "ಹ್ವಾಯ್, ಬನ್ನಿ ಬನ್ನಿ, ಕೂಕಣಿ! ಎಷ್ಟ್ ದಿನ ಆಯ್ತ್ ಮಾರಾಯ್ರೆ ಕಾಣದೆ!" ನಾನು ಯಾರೆಂದು ಅವರಿಗೆ ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ನಾನು ಸ್ವಲ್ಪ ಮಾತಾಡಿದೆ. ಅವರು ತಲೆಯೋರೆ ಮಾಡಿ ಕೇಳಿ, "ನಿಮ್ ಕನ್ನಡ ಲಾಯ್ಕಿತ್ತ್. ಎಲ್ ಕಲ್ತದ್ದ್?" ಎಂದರು. ನನ್ನ ಮನೆಮಾತನ್ನು ಇಷ್ಟು ಹೃತ್ಪೂರ್ವಕವಾಗಿ ಯಾರೂ ಅವಮಾನಿಸಿರಲಿಲ್ಲ.

ಅಷ್ಟರಲ್ಲಿ ಹೇತಲ್ ತಟ್ಟೆ ತಂದಳು. ರೋಟ್ಲಿ, ಶಾಕ್ ಎನ್ನುವ ಪಲ್ಯ, ಅನ್ನ, ಬೆಲ್ಲ ಹಾಕಿದ ಗುಜರಾತಿ ದಾಲ್. ಐತಾಳರು ದಾಲಿನಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಇದೆಂತ, ಪಾಯ್ಸವಾ?" ಎಂದರು. "ಶುಂ ಕಹೇ ಛೇ? ಏನಂದರು?" ಎಂದಳು ಹೇತಲ್, ಆಸೆಯಿಂದ. ಆ ಮುಖ ನೋಡಿ ನಿಜ ಹೇಳಲು ನನ್ನಿಂದಾಗಲಿಲ್ಲ. ದುಭಾಷಿಗಳಿಗೂ ಒಂದು ಡಿಪ್ಲೊಮಸಿ ಇರುತ್ತದಲ್ಲ? "ಪಾಯಸದಷ್ಟು ರುಚಿಯಾಗಿದೆಯಂತೆ" ಎಂದೆ. ಹೇತಲ್ ಹಿಗ್ಗಿ ಹೀರೇಕಾಯಾದಳು. ಮರುದಿನ ದಾಲಿಗೆ ಇನ್ನೂ ಒಂದು ಉಂಡೆ ಬೆಲ್ಲ ಬಿತ್ತು. ದೇಶದೇಶಗಳ ನಡುವಿನ ಜಗಳಗಳೆಲ್ಲ ಹೇಗೆ ಶುರುವಾಗುತ್ತವೆ ಎಂದು ನನಗೆ ಆ ವಾರ ತಿಳಿಯಿತು. ಗುರುವಾರದ ಭಾಷಣಕ್ಕೆ ಒಳ್ಳೆಯ ಪಾಯಿಂಟು, ಆದರೆ ಹೇಳುವಂತಿರಲಿಲ್ಲ.

ನಗೆಯಾಡುವ ಹೊತ್ತೂ ಅದಾಗಿರಲಿಲ್ಲ. ಐತಾಳರು ಉಣ್ಣುತ್ತಿರಲಿಲ್ಲ. ತಟ್ಟೆಯಿಟ್ಟರೆ ಹಿಂಗೈಯಿಂದ ದೂರ ಸರಿಸಿ, "ಈಗ ಬ್ಯಾಡ" ಎನ್ನುವರು. ಬೆಳಿಗ್ಗೆಯ ಚಹಾ, ಒಂದೆರಡು ಬಿಸ್ಕತ್ತು, ಸಂಜೆ ಧ್ವನಿ ಬಾಯಿಗೆ ತುರುಕಿದ ಬಾಳೆಹಣ್ಣು, ಅಷ್ಟರ ಮೇಲೆ ಬದುಕಿದ್ದರು. ಡಾಕ್ಟರು ಬಂದು ನೋಡಿ, ನುಂಗಲು ತೊಂದರೆಯೇನಿಲ್ಲ, ಹೊಟ್ಟೆಯಲ್ಲೂ ತೊಂದರೆಯಿಲ್ಲ, ಆದರೆ ಹೀಗೇ ತೂಕ ಇಳಿದರೆ ಮೂಗಿನಿಂದ ಟ್ಯೂಬ್ ಹಾಕಿ ಆಹಾರ ಕೊಡಬೇಕಾದೀತು ಎಂದರು. ಹೇತಲ್ ಆ ಮಾತನ್ನು ನನಗೆ ಹೇಳುವಾಗ ತನ್ನ ಮೂಗನ್ನೇ ಮುಟ್ಟಿಕೊಂಡಳು. "ಸಾವಿರಾರು ಜನಕ್ಕೆ ಊಟ ಹಾಕಿದವರಿಗೆ ಟ್ಯೂಬಾ, ವತ್ಸಲಾಬೆನ್?" ಎಂದಳು.

'ಈಗ ಬ್ಯಾಡ' ಎಂದರೆ ಈಗ ಹಸಿವಿಲ್ಲ ಎಂದು ನಾನು ಅರ್ಥ ಹೇಳಿದ್ದೆ. ಸರಿ, ಹೊತ್ತು ಬದಲಾಯಿಸೋಣ ಎಂದು ಹೇತಲ್ ಹನ್ನೊಂದಕ್ಕೆ ತಟ್ಟೆ ಇಟ್ಟಳು. ಈಗ ಬ್ಯಾಡ. ಎರಡಕ್ಕೆ ಇಟ್ಟಳು. ಈಗ ಬ್ಯಾಡ. ತಪ್ಪು ಬೆಲ್ಲದ್ದಿರಬೇಕು ಎಂದುಕೊಂಡು ನಾನು ಮನೆಯಿಂದ ತಿಳಿಸಾರು, ಅನ್ನ, ಹುರಿದ ಹಪ್ಪಳ ಕ್ಯಾರಿಯರಿನಲ್ಲಿ ಒಯ್ದೆ. ಐತಾಳರು ಸಾರಿನ ಪರಿಮಳ ಎಳೆದುಕೊಂಡು, "ಆಹಾ, ಇಂಗು ಬಿದ್ದಿತ್ತ್" ಎಂದರು. ನಾನು ಗೆದ್ದೆ ಎಂದುಕೊಂಡೆ. ಅವರು ತಟ್ಟೆಯನ್ನು ನನ್ನ ಕಡೆಗೇ ತಳ್ಳಿ, "ನೀವ್ ಉಣ್ಣಿ" ಎಂದರು. ಉಪಚಾರಕ್ಕೆ ಹೇಳುತ್ತಿದ್ದಾರೆ ಎಂದು, "ಇಲ್ಲ ಇಲ್ಲ, ನೀವು ಮೊದಲು" ಎಂದೆ. ಹೇತಲ್ ಕೂಡ, "ಪಪ್ಪಾ ಪಹೇಲಾ" ಎಂದಳು. ಹಿರಿಯರು ಉಂಡ ಮೇಲೆ ಉಳಿದವರು ಎಂಬುದು ಅವಳು ತವರಿನಿಂದ ತಂದ ಶಿಸ್ತು. ಮಾವ ಉಣ್ಣದೆ ಅವಳೂ ಉಣ್ಣುತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಹುಡುಗಿಯೂ ಬಡವಾಗುತ್ತಿದ್ದಳು. ಶನಿವಾರ ಬಂದ ಪ್ರಕಾಶ ಇಬ್ಬರನ್ನೂ ನೋಡಿ, ನನ್ನನ್ನು ವರಾಂಡಕ್ಕೆ ಕರೆದು, "ಆಂಟಿ, ಅವರಿಗೆ ನನ್ನ ಮೇಲೆ ಸಿಟ್ಟಾ? ಹೋಟೆಲ್ ಮುಚ್ಚಿದ್ದಕ್ಕೆ?" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಉತ್ತರ ನನಗೆ ಯಾವ ಭಾಷೆಯಲ್ಲೂ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ಕಿಟ್ಟಿ ಪಾರ್ಟಿಯಲ್ಲಿ. ಜಗತ್ತಿನ ಎಷ್ಟೋ ಸಮಸ್ಯೆಗಳಿಗೆ ಅಲ್ಲಿ ಪರಿಹಾರ ಸಿಗಬಹುದೇನೋ, ಯಾರೂ ಹುಡುಕಿಲ್ಲ ಅಷ್ಟೆ. ಸರದಿ ಹೇತಲ್‌ಳದು. ಮುಂದೂಡುತ್ತೇನೆ ಎಂದಳು, ನಾನೇ ಬೇಡ, ನಿನಗೂ ಸ್ವಲ್ಪ ನಗು ಬೇಕು ಎಂದೆ. ಸೊಸೈಟಿಯ ಹೆಂಗಸರೆಲ್ಲ ಬಂದು ಹಾಲಿನಲ್ಲಿ ತಟ್ಟೆ ಹಿಡಿದು ಕೂತರು. ಕೆಲಸದ ಮಂಜುಬೆನ್ ಬಿಸಿಬಿಸಿ ಪೂರಿ ತರುತ್ತಿದ್ದಳು. ಇದ್ದಕ್ಕಿದ್ದಂತೆ ಐತಾಳರು ಕುರ್ಚಿಯಿಂದೆದ್ದರು. ವಾರಗಳಿಂದ ಹಿಡಿದು ಎಬ್ಬಿಸಬೇಕಾಗಿದ್ದ ಮನುಷ್ಯ! ಬೆನ್ನ ಹಿಂದೆ ಕೈಕಟ್ಟಿ ತಟ್ಟೆಗಳ ನಡುವೆ ಮೆಲ್ಲಗೆ ನಡೆದರು. ಶಾರದಾಬೆನ್ ತಟ್ಟೆ ಖಾಲಿಯಾದದ್ದು ಕಂಡು ಒಳಗೆ ತಿರುಗಿ, "ಹ್ವಾಯ್, ಇಲ್ಲೊಂದ್ ಪೂರಿ!" ಎಂದು ಕೂಗಿದರು. ಆ ಕೂಗು! ಮಂಜುಬೆನ್‌ಗೆ ಕನ್ನಡ ಎಲ್ಲಿಂದ ಬರಬೇಕು, ಆದರೂ ಓಡಿ ಬಂದಳು. ಒಬ್ಬಾಕೆ ಶಾಕ್ ಬಿಟ್ಟಿದ್ದಳು. ಅವಳ ಮುಂದೆ ನಿಂತು, "ಎಂತಕೆ? ಖಾರ ಆಯ್ತಾ?" ಎಂದರು. ಅವಳು ಅರ್ಥವಾಗದೆಯೇ ಹೆದರಿ ತಿಂದು ಮುಗಿಸಿದಳು.

ಎಲ್ಲರೂ 'ಆವಜೋ, ಆವಜೋ' ಎಂದು ಹೊರಟುಹೋದರು. ಐತಾಳರು ಅಡುಗೆಮನೆಯ ಬಾಗಿಲಿಗೆ ಬಂದು ಮಂಜುಬೆನ್ ಕಡೆಗೂ ಹೇತಲ್ ಕಡೆಗೂ ಕೈತೋರಿ ನನ್ನನ್ನು ಕೇಳಿದರು: "ಒಳಗಿನವ್ರದ್ದ್ ಆಯ್ತಾ?" ನಾನು ಏನೂ ತಿಳಿಯದೆ ಅದನ್ನು ಹಾಗೇ ಗುಜರಾತಿಗೆ ತಿರುಗಿಸಿದೆ. ಬಹುಶಃ ನನ್ನ ಮೊದಲ ಪ್ರಾಮಾಣಿಕ ಅನುವಾದ. ಅವರಿಬ್ಬರೂ ದಣಿದಿದ್ದರು, ಅಲ್ಲೇ ಅಡುಗೆಮನೆಯಲ್ಲಿ ಕೂತು ಉಂಡರು. ಐತಾಳರು ಕಾದರು. ಅವರಿಬ್ಬರ ಕೈ ತೊಳೆಯುವುದು ಮುಗಿದ ಮೇಲೆ ಮೂಲೆಯ ಕುರ್ಚಿಯಲ್ಲಿ ಕೂತು, ತೋಳು ಸ್ವಲ್ಪ ಮೇಲೇರಿಸಿ, "ಹಾಂ, ನಂಗ್ ಬಡ್ಸ್" ಎಂದರು. ಪೂರಿ ಉಂಡರು, ಅನ್ನ ಉಂಡರು, ಆ ಪಾಯಸದಂಥ ದಾಲನ್ನೂ ಸುರಿದು ಉಂಡರು. ಹೇತಲ್ ಗೋಡೆಗೆ ಆತುಕೊಂಡು ಸೆರಗಿಲ್ಲದ ಕುರ್ತಾದ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಆಗ ನನಗೆ ಹಳೆಯದೊಂದು ಮಧ್ಯಾಹ್ನ ನೆನಪಾಯಿತು. ಅನುಪಮಾ ಕೈಗೂಸು, ರೈಲು ತಡವಾಗಿ ನಾವು ಹೊತ್ತಲ್ಲದ ಹೊತ್ತಿನಲ್ಲಿ ಹೋಟೆಲಿಗೆ ನುಗ್ಗಿದ್ದೆವು. ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲಾಗಿ ಮಲಗಿದ್ದವು. ಬಡಿಸುವವರು, ಪಾತ್ರೆಯವರು ಎಲ್ಲ ಉಂಡು ಬೀಡಿ ಸೇದಲು ಹಿತ್ತಿಲಿಗೆ ಹೋಗಿದ್ದರು. ಐತಾಳರು ಒಬ್ಬರೇ ಮೂಲೆಯಲ್ಲಿ ಮೊದಲ ತುತ್ತು ಎತ್ತಿದ್ದವರು, ನಮ್ಮನ್ನು ನೋಡಿ ತುತ್ತನ್ನು ತಟ್ಟೆಯಲ್ಲೇ ಇಟ್ಟು ಎದ್ದರು. ನಾವು ಉಂಡು ಮುಗಿಸುವವರೆಗೆ ಕೂರಲಿಲ್ಲ. ಗಿರಾಕಿ, ಆಮೇಲೆ ಒಳಗಿನವರು, ಕಡೆಗೆ ಯಜಮಾನ. ಇಡೀ ಬದುಕು ಈ ಕ್ರಮದಲ್ಲಿ ಉಂಡವರಿಗೆ, ಹಸಿದ ಸೊಸೆಯನ್ನು ಎದುರು ನಿಲ್ಲಿಸಿಕೊಂಡು ನೀವೇ ಮೊದಲು ಉಣ್ಣಿ ಎಂದರೆ ತುತ್ತು ಇಳಿಯುವುದು ಹೇಗೆ? ಎರಡು ಊರುಗಳ ಒಳ್ಳೆಯ ನಡವಳಿಕೆ ಎದುರುಬದುರು ಕೂತು, ನೀನು ಮೊದಲು ನೀನು ಮೊದಲು ಎಂದು ಉಪವಾಸ ಸಾಯುತ್ತಿತ್ತು.

ಕಾಯಿಲೆ ತಿಳಿಯಿತು, ಔಷಧಿ ಯಾರು? ಮರುದಿನ ಹೇತಲ್ ತಾನೇ ಮೊದಲು ತಟ್ಟೆ ಹಾಕಿಕೊಂಡು ಕೂತಳು. ಐತಾಳರು ಕೆರಳಿದರು. "ಗಿರಾಕಿ ಬರೂಕ್ ಮುಂಚೆ ಒಳಗಿನವ್ರ್ ಉಂಬುದಾ?" ಅಂದರೆ ಗಿರಾಕಿಯೇ ಬೇಕು. ಧ್ವನಿ ಸ್ಕೂಲಿನಲ್ಲಿ, ಪ್ರಕಾಶ ಸೂರತ್ತಿನಲ್ಲಿ. ಹೇತಲ್ ನನ್ನ ಕಡೆ ನೋಡಿದಳು. ನಾನು ನಮ್ಮವರ ಹೆಸರು ಹೇಳಿದೆ. ಅವರು ಒಂದು ದಿನ ಹೋಗಿ ಬಂದು, "ಅವರು ನಾನು ಅಗಿಯೋದನ್ನ ನೋಡ್ತಾ ಇರ್ತಾರೆ ಕಣೇ, ಇಂಟರ್‌ವ್ಯೂ ಥರ ಇದೆ" ಎಂದು ರಾಜೀನಾಮೆ ಕೊಟ್ಟರು. ಹೀಗೆ ಏಜಿಂಗ್ ಗ್ರೇಸ್‌ಫುಲಿಯ ಪ್ರಚಾರಕಿಯಾದ ನಾನು ಪ್ರತಿದಿನ ಒಂದು ಗಂಟೆಗೆ ಸರಿಯಾಗಿ ಗಿರಾಕಿಯಾದೆ.

ಗಿರಾಕಿಯಾಗುವುದು ಸುಲಭವಲ್ಲ. ಅರ್ಧ ರೋಟ್ಲಿ ಮುರಿದು ಎದ್ದರೆ ಐತಾಳರು ಬಿಡುವವರಲ್ಲ. "ಎಂತ ಮಾರಾಯ್ರೆ, ಹಕ್ಕಿ ಕುಕ್ಕಿದಾಂಗೆ? ಬಿಟ್ರೆ ಅಡುಗೆಯವನಿಗೆ ಬೇಜಾರ್ ಆತ್ತ್" ಎಂದು ಹೇತಲ್‌ಳ ಕಡೆ ತೋರಿಸುವರು. ಅಡುಗೆಯವನಾದ ಹೇತಲ್ ಕನ್ನಡ ಬಾರದಿದ್ದರೂ ತಕ್ಷಣ ಬೇಜಾರಿನ ಮುಖ ಮಾಡುವಳು. ಅನ್ನವೆಂಬ ಶತ್ರುವನ್ನು ನಾನು ಒಂದೇ ಊಟದಲ್ಲಿ ಎರಡು ಸಲ ಸಂಧಿಸಬೇಕಾಯಿತು. ತುಪ್ಪ ಬೇಡವೆಂದರೆ, "ತುಪ್ಪ ಬ್ಯಾಡದವ್ರ್ ಆಸ್ಪತ್ರೆಗ್ ಹೋಯ್ಕ್, ಹೋಟ್ಲಿಗಲ್ಲ." ಊಟದ ನಡುವೆ ವಾಚ್ ಜುಂಯ್ ಎಂದು ಏಳು ನಡೆ ಎನ್ನುವುದು. ನಾನು ಅದನ್ನು ಬಿಚ್ಚಿ ಬ್ಯಾಗಿನಲ್ಲಿ ಹಾಕತೊಡಗಿದೆ. ಬ್ಯಾಗಿನೊಳಗಿನಿಂದ ಅದು ಕೊಳದ ಕಪ್ಪೆಯಂತೆ ಕೂಗಿಕೊಳ್ಳುತ್ತಿತ್ತು.

ಆದರೆ ಆ ಒಂದು ಗಂಟೆಯನ್ನು ನಾನು ಕಾಯತೊಡಗಿದ್ದೂ ನಿಜ. ನಾನು ಕೂತ ಕೂಡಲೇ ಅವರು, "ಎಂತ ಸುದ್ದಿ?" ಎನ್ನುವರು. ಹೋಟೆಲಿನಲ್ಲಿ ಪೇಪರು ಓದುವ ಗಿರಾಕಿಗಳನ್ನು ಅವರು ದಿನಾ ಕೇಳುತ್ತಿದ್ದ ಪ್ರಶ್ನೆ. ಮಂಡಳಕ್ಕೆಂದು ನಾನು ತಯಾರಿಸಿದ ಸುದ್ದಿಯನ್ನೆಲ್ಲ ನನ್ನ ಕದ್ದು ಕಲಿತ ಕನ್ನಡದಲ್ಲಿ ಒಪ್ಪಿಸುವೆನು. ಎಲ್ಲೋ ಯುದ್ಧವಂತೆ ಎಂದರೆ, "ಹಾಂಗಾರ್ ಎಣ್ಣೆ ರೇಟ್ ಏರತ್ತ್. ಪೂರಿ ನಿಲ್ಸುದೇ ಒಳ್ಳೇದ್" ಎನ್ನುವರು. ಎರಡು ದಿನದಲ್ಲಿ ಎಣ್ಣೆಯ ಬೆಲೆ ಏರಿರುತ್ತಿತ್ತು! ಬಿಸಿಲು ಹಿಂದೆಂದೂ ಇಲ್ಲದಷ್ಟು ಎಂದರೆ, "ಮಜ್ಜಿಗೆಗ್ ಶುಂಠಿ ಜಾಸ್ತಿ ಹಾಕ್ಕ್." ಒಮ್ಮೆ ಚುನಾವಣೆಯ ಫಲಿತಾಂಶ ಹೇಳಿದೆ. ಯಾರು ಗೆದ್ದರು ಎಂದು ಅವರು ಕೇಳಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು: "ಗೆದ್ದವನೂ ತಿಂಬುಕೆ ಬತ್ತ, ಸೋತವನೂ ಬತ್ತ. ಸೋತವನಿಗೆ ಸಾಂಬಾರ್ ಸ್ವಲ್ಪ ಜಾಸ್ತಿ ಹಾಕ್ಕ್." ಇದನ್ನು ಗುರುವಾರ ಮಂಡಳದಲ್ಲಿ ಹೇಳಿದೆ. ಅಷ್ಟು ಚಪ್ಪಾಳೆ ನನಗೆ ಎಂದೂ ಬಿದ್ದಿರಲಿಲ್ಲ. ಎರಡು ಪಕ್ಷದವರೂ ತಮಗೇ ಹೇಳಿದ್ದು ಎಂದುಕೊಂಡರು.

ಅವರು ಮೈದುಂಬಿಕೊಂಡರು. ಟ್ಯೂಬಿನ ಮಾತು ನಿಂತಿತು. ಹೇತಲ್ ಕೆನ್ನೆಗೂ ಬಣ್ಣ ಬಂತು. ನನ್ನಿಂದ ತಿಳಿಸಾರು ಕಲಿತಳು, ನಾನು ಹೇಳಿಕೊಡುವ ಮೊದಲೇ ಮಾವನ ಮಾತುಗಳನ್ನೂ ಒಂದೊಂದಾಗಿ ಕಲಿತಳು. ಅಡುಗೆಮನೆಯಿಂದ, "ಒಳಗಿನವ್ರದ್ದ್ ಆಯ್ತ್, ಪಪ್ಪಾ!" ಎಂದು ಅವಳು ಕೂಗುವುದನ್ನು ಕೇಳಬೇಕು. ಅಪ್ಪಟ ಕುಂದಾಪುರ, ಅಂಚಿನಲ್ಲಿ ಮಾತ್ರ ಸ್ವಲ್ಪ ಗುಜರಾತಿ ಬೆಲ್ಲ. ಇತ್ತ ನಾನು ಎಲ್ಲರಿಗಿಂತ ಹೆಚ್ಚು ಮೈದುಂಬಿಕೊಂಡೆ. ಅಹಮದಾಬಾದಿನಿಂದ ಅನುಪಮಾ ಬಂದು ನನ್ನ ಶುಗರ್ ರಿಪೋರ್ಟ್ ನೋಡಿ, "ಅಮ್ಮಾ! ವಾಟ್ ಈಸ್ ದಿಸ್? ಗಡಿ ದಾಟಿ ಆ ಕಡೆ ಮನೆ ಮಾಡಿಕೊಂಡಿದೀಯಲ್ಲ!" ಎಂದು ಕೂಗಾಡಿದಳು. ಸೋಶಿಯಲ್ ಸರ್ವಿಸ್ ಎಂದೆ. ಅವಳು ನಂಬದೆ ಒಂದು ಗಂಟೆಗೆ ನನ್ನ ಜೊತೆಗೇ ಬಂದಳು. ಐತಾಳರು ಅವಳಿಗೂ ತುಪ್ಪ ಹಾಕಿಸಿದರು. ಹೊರಗೆ ಬಂದ ಮೇಲೆ ಅವಳು ಲಿಫ್ಟಿನ ಬಟನ್ ಒತ್ತಿ, "ರಾತ್ರಿ ಊಟ ಬಿಟ್ಟುಬಿಡು, ಅಷ್ಟು ಸಾಕು" ಎಂದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಪ್ರಕಾಶ ಸೂರತ್ತಿನ ಅಡಾಜಣ್‌ನಲ್ಲಿ ಫ್ಲ್ಯಾಟು ಕೊಂಡ. ವಾರಕ್ಕೊಂದು ದಿನದ ಅಪ್ಪನಾಗಿ ಸಾಕಾಯಿತು ಎಂದ, ಅದೂ ಸರಿಯೇ. ಅಲ್ಲಿ ಗಿರಾಕಿ ಯಾರು ಎಂಬ ಚಿಂತೆ ನನಗಿತ್ತು. ಹೋದ ಮರುವಾರವೇ ಹೇತಲ್ ಫೋನ್ ಮಾಡಿ, ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್ ಮಾಸ್ತರರು ಸಿಕ್ಕಿದ್ದಾರೆ, ಹೆಂಡತಿಯಿಲ್ಲ, ಸಂತೋಷವಾಗಿ ಉಣ್ಣುತ್ತಾರೆ ಎಂದಳು. ನಾನು "ವೆರಿ ಗುಡ್" ಎಂದೆ. ಹೇಳಲು ನಾಚಿಕೆ, ಆ ಮಾಸ್ತರರ ಮೇಲೆ ನನಗೆ ಎರಡು ದಿನ ಹೊಟ್ಟೆಕಿಚ್ಚಾಯಿತು. ತಾಪಿ ನದಿ ನೋಡಲು ಬರುತ್ತೇನೆ ಎಂದು ಹೇಳುತ್ತಲೇ ಇದ್ದೆ. ಮೊಣಕಾಲು, ಬಿಸಿಲು, ಟಿಕೆಟ್ಟು. ಮೊದಲ ಮಳೆ ಬಿದ್ದ ವಾರ ಹೇತಲ್ ಮತ್ತೆ ಫೋನ್ ಮಾಡಿದಳು. ಮೊದಲು ಅತ್ತಳು, ಆಮೇಲೆ ಹೇಳಿದಳು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಚೆನ್ನಾಗಿ ಉಂಡು ಮಲಗಿದವರು ಚಹಾಕ್ಕೆ ಏಳಲಿಲ್ಲವಂತೆ.

ಹಾಗಾಗಿ ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಅವರು ಬರೋಡಾ ಬಿಟ್ಟ ದಿನ. ಸಾಮಾನೆಲ್ಲ ಟೆಂಪೋ ಸೇರಿತ್ತು. ಡೈನಿಂಗ್ ಟೇಬಲ್ಲೂ ಇಳಿದುಹೋಗಿತ್ತು. ಹಾಲಿನಲ್ಲಿ ಕಟ್ಟಿದ ಎರಡು ಪೆಟ್ಟಿಗೆ, ಅವರ ಕುರ್ಚಿ, ಒಂದು ಸ್ಟೂಲು. ಹೇತಲ್ ಅನ್ನ, ಸಾರು, ಹಪ್ಪಳ ಮಾತ್ರ ಮಾಡಿದ್ದಳು. ನಾನು ಪೆಟ್ಟಿಗೆಯ ಮೇಲೆ ಕೂತು ಎಂದಿನಂತೆ ಗಿರಾಕಿಯಾಗಿ ಹೊಟ್ಟೆತುಂಬ ಉಂಡೆ, ಅಂದು ಸ್ವಲ್ಪ ಹೆಚ್ಚೇ ಉಂಡೆ. ಹೇತಲ್ ನಿಂತುಕೊಂಡೇ ಉಂಡಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಐತಾಳರ ಮುಂದೆ ಸ್ಟೂಲಿನ ಮೇಲೆ ತಟ್ಟೆ, ಅನ್ನ ಸಾರಿನ ಪಾತ್ರೆ ಬಂದಿದ್ದವು. ಅವರು ಬಡಿಸಿಕೊಳ್ಳದೆ ಖಾಲಿ ಹಾಲನ್ನು ನೋಡುತ್ತಿದ್ದರು. ಬರಿ ಗೋಡೆ, ಬರಿ ನೆಲ.

"ಎಲ್ಲ ಹೋದ್ರಲ್ದಾ?" ಎಂದರು.

"ಹೂಂ, ಎಲ್ಲ ಹೋದರು" ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವಿನ್ನೂ ಉಣ್ಲಿಲ್ಲ. ಬೆಳಿಗ್ಗೆಯಿಂದ ಓಡಾಡುದ್ ಕಂಡಿದ್ದೆ ನಾನ್. ಬನ್ನಿ, ಕೂಕಣಿ. ಇನ್ ನಾವ್ ಉಂಬ."

ಹೇತಲ್ ಬಾಯಿ ತೆರೆದಳು. ಅವಳಿಗೆ ಈಗ ಅನುವಾದ ಬೇಕಿರಲಿಲ್ಲ. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಅವಳು ಇನ್ನೊಂದು ತಟ್ಟೆ ತಂದು ನನ್ನ ಮುಂದಿಟ್ಟು ಬೇಗ ಒಳಗೆ ಹೋದಳು. ನಾನು ಪೆಟ್ಟಿಗೆಯನ್ನು ಎಳೆದುಕೊಂಡು ಅವರ ಎದುರು ಕೂತೆ. ಐತಾಳರು ತಮ್ಮ ಹಪ್ಪಳ ಮುರಿದು ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು. ಇಬ್ಬರೂ ಉಣ್ಣತೊಡಗಿದೆವು. ನನ್ನ ಹೊಟ್ಟೆಯಲ್ಲಿ ಒಂದಗುಳಿಗೂ ಜಾಗವಿರಲಿಲ್ಲ, ಆದರೂ ಅನ್ನ ಒಣಗಿದಾಗ ಕಾನ್ವೆಂಟಿನ ವಿನಯದಿಂದ ತಲೆಯೆತ್ತಿ, "ಪ್ಲೀಸ್, ಸ್ವಲ್ಪ ಸಾರು" ಎಂದೆ.

ಅವರು ಸಾರಿನ ಪಾತ್ರೆಯನ್ನು ನನ್ನ ಕಡೆ ಸರಿಸಿ, ಸ್ವಲ್ಪ ಗದರಿಸಿಯೇ ಹೇಳಿದರು: "ಒಳಗಿನವ್ರ್ ಕೇಂಬುದಲ್ಲ. ಬಡ್ಸ್ಕಣಿ."

ಬಡಿಸಿಕೊಂಡೆ.